ಮಷೀನಿನ ಹೆಸರಿನ ಮುಂದೊಂದು ಎಕ್ಸ್

ಹುಮನಾಬಾದಿನ ಔಷಧಿ ಕಾರ್ಖಾನೆಯೊಂದಕ್ಕೆ ಅಂಕಿಅಂಶದ ಕೆಲಸಕ್ಕೆ ಹೋಗಿದ್ದೆ. ಮಷೀನುಗಳ ಮಾಹಿತಿಯನ್ನು 'ಆರ್' ಎಂಬ ಪ್ರೋಗ್ರಾಮಿಗೆ ಹಾಕಿ, ಮಷೀನುಗಳ ಪಕ್ಕದಲ್ಲೇ ಕೂತಿದ್ದ ಕೆಲಸಗಾರರಿಗೆ ಪರದೆಯ ಮೇಲೆ ತೋರಿಸಿದೆ. '2A' ಮಷೀನು ನಡೆಸುವ ಖಾಜಾಮಿಯಾ ಎದ್ದು ನಿಂತರು. ಪರದೆಯಲ್ಲಿ ಅದು 'X2A' ಆಗಿತ್ತು; ಉಳಿದ ಮಷೀನುಗಳ ಹೆಸರು ಅಕ್ಷರದಿಂದಲೇ ಶುರುವಾಗುತ್ತಿದ್ದರಿಂದ ಹಾಗೇ ಇದ್ದವು.

"ನಮ್ಮದಕ್ಕಷ್ಟೇ ಯಾಕ ಕಾಟ್ ಹೊಡದೀರಿ? ಬಂದ್ ಮಾಡೋ ಮಷೀನಂತ ಗುರುತೇನ್ರಿ?"

"ಕಾಟ್ ಅಲ್ರಿ ಚಾಚಾ, ಎಕ್ಸ್ ಅಕ್ಷರ. ಇದರಾಗ ಹೆಸರು ಅಂಕಿಯಿಂದ ಸುರು ಆಗಂಗಿಲ್ಲ. ಅದಕ್ಕ ಕಂಪ್ಯೂಟರೇ ಮುಂದ ಎಕ್ಸ್ ಹಚ್ಚತದ."

"ಕಂಪ್ಯೂಟರಿಗೆ ಹೇಳಿದವರು ಯಾರು? ನಮ್ಮ ಸಾಹೇಬರಾ?"

ನಂಬಿಸಲೆಂದು ಹೆಸರನ್ನು 'A2' ಎಂದು ಬದಲಿಸಿ ಪ್ರೋಗ್ರಾಮನ್ನು ಮತ್ತೆ ಓಡಿಸಿದೆ. ಎಕ್ಸ್ ಮಾಯವಾಯಿತು. ಗೆದ್ದೆ ಅಂದುಕೊಂಡೆ. ಚಾಚಾ ಪರದೆ ಬಿಟ್ಟು ನನ್ನನ್ನೇ ನೋಡಿದರು.

"ತೆಗಿಯಾಕ ಬರ್ತದಂದ್ರ, ಹಾಕಿದ್ದೂ ನೀವೇ ಅಲ್ಲೇನ್ರಿ?"

ಆಮೇಲೆ ಎಲ್ಲರಿಗೂ ಚಹಾ ಬಂತು. ನಾನು ಕುಡಿದು ಮುಗಿಸುವವರೆಗೂ ಚಾಚಾ ತಮ್ಮ ಮಷೀನಿಗೆ ಅಡ್ಡವಾಗಿಯೇ ನಿಂತಿದ್ದರು.