ಕೊಡ್ಲಿ ಧಾಟಿ ಕಟ್ಟಿದ ಕಾಕಾ

ಶಹಾಬಾದದ ನಮ್ಮ ಸಣ್ಣ ಚರ್ಚಿನಲ್ಲಿ ಪೇಟಿ ಬಾರಿಸುವ ಕೆಲಸ ನನ್ನ ಪಾಲಿಗೆ ಬಂದದ್ದು, ಅದು ಬೇರೆ ಯಾರಿಗೂ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ. ವಾರವೆಲ್ಲ ವಾಡಿಯ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ರವಿವಾರ ಹಾರ್ಮೋನಿಯಂ ಮುಂದೆ ಕೂಡುತ್ತೇನೆ. ನಮ್ಮ ಹಾಡಿನ ಪುಸ್ತಕದಲ್ಲಿ ಪದಗಳಷ್ಟೇ ಇವೆ, ಸ್ವರಗಳಿಲ್ಲ. ಧಾಟಿಗಳೆಲ್ಲ ಬಾಯಿಂದ ಬಾಯಿಗೆ ಬಂದವು. ಅವುಗಳಲ್ಲಿ ಸಂಜೆಯ ಪ್ರಾರ್ಥನೆಯದೊಂದು ನನಗೆ ಬಹಳ ಪ್ರೀತಿಯದು. ಆದರೆ ಅದರ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಎಲ್ಲರ ಉಸಿರೂ ಮುಗಿದಿರುತ್ತಿತ್ತು. ಹಿರಿಯರು ಅಲ್ಲಿ ಕೆಮ್ಮುತ್ತಿದ್ದರು, ಹೆಂಗಸರು ಬರೇ ಬಾಯಿ ಆಡಿಸುತ್ತಿದ್ದರು. ನಾನು ಪೇಟಿಯ ದನಿ ಏರಿಸಿ ಹೇಗೋ ಮಾನ ಉಳಿಸುತ್ತಿದ್ದೆ.

ಒಮ್ಮೆ ಸೇಡಂನಲ್ಲಿ ಸುತ್ತಲಿನ ಊರುಗಳ ಚರ್ಚಿನವರೆಲ್ಲ ಸೇರಿ ಹಾಡುವ ಕೂಟವಿತ್ತು. ಹಾಡಿಸುವವರು ಮೈಕಿನ ಮುಂದೆ ನಿಂತು ಅದೇ ಸಂಜೆಯ ಹಾಡಿನ ಬಗ್ಗೆ ಹೇಳಿದರು: "ಇದು ಭಾಳ ಹಳೇ ಧಾಟಿ. ಪರದೇಶದಿಂದ ಬಂದದ್ದು. ಕಟ್ಟಿದವರು ಯಾರಂತ ಗೊತ್ತಿಲ್ಲ."

ನನ್ನ ಪಕ್ಕದಲ್ಲಿ ಕುಳಿತಿದ್ದ ಮುದುಕರು ಮೆಲ್ಲಗೆ ಅಂದರು, "ಪರದೇಶ ಅಲ್ರಿ, ಕೊಡ್ಲಿ."

ಅವರು ನಮ್ಮ ಚರ್ಚಿನವರೇ. ಹಿಂದಿನ ಸಾಲಿನಲ್ಲಿ ಕೂತು, ಆರಾಧನೆ ಮುಗಿದ ಮೇಲೆ ಚಾಪೆ ಸುತ್ತಿಡುವವರು ಎಂದಷ್ಟೇ ನನಗೆ ಅವರ ಪರಿಚಯ.

"ಕೊಡ್ಲಿ ಅಂದ್ರ, ಚಿಂಚೋಳಿ ತಾಲೂಕಿನ ಕೊಡ್ಲಿನಾ?" ಎಂದೆ.

"ಹೂಂರಿ. ಅಲ್ಲೇ ಕಟ್ಟಿದ್ದು. ನಾನೇ ಕಟ್ಟೀನಿ."

ವಯಸ್ಸಾದವರ ಮಾತಿಗೆ ನಗುವಂತೆ ನಕ್ಕೆ. ಅದು ಅವರಿಗೆ ಗೊತ್ತಾಯಿತು, ಆದರೂ ಬೇಸರಪಟ್ಟುಕೊಳ್ಳಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ ಎದುರಿಗೆ ಬಂದು ಕುಳಿತರು. "ಟೀಚರ್ರೀ, ಮೂರನೇ ಸಾಲು ಒಮ್ಮೆ ಹಾಡ್ರಿ" ಎಂದರು. ಹಾಡಿದೆ, ಎಂದಿನಂತೆ ಉಸಿರು ಸಾಲಲಿಲ್ಲ.

"ನೋಡ್ರಿ, ನಡುವ ಉಸಿರಿಗೆ ಜಾಗಾ ಬಿಟ್ಟಿದ್ದೆ. ಯಾರೋ ಅದನ್ನ ನುಂಗಿಬಿಟ್ಟಾರ."

ಆಮೇಲೆ ತಾವೇ ಹಾಡಿದರು. ದನಿ ಎರಡು ಮೆಟ್ಟಿಲು ಇಳಿಯಿತು, ನಿಂತಿತು, ಉಸಿರು ತಗೊಂಡು ಮೇಲೆ ಹತ್ತಿತು. ವರ್ಷಗಟ್ಟಲೆ ನಾವು ಎಡವಿದ ಜಾಗದಲ್ಲಿ ಎಡವಲು ಏನೂ ಇರಲಿಲ್ಲ. ರೈಲು ಚಿತ್ತಾಪುರ ದಾಟುವ ಹೊತ್ತಿಗೆ ನನಗೆ ಪೂರ್ತಿ ನಂಬಿಕೆ ಬಂದಿತ್ತು, ಜೊತೆಗೆ ನಕ್ಕದ್ದಕ್ಕೆ ನಾಚಿಕೆಯೂ.

ಅಂದಿನಿಂದ ಶನಿವಾರ ಮಧ್ಯಾಹ್ನ ಅವರ ಮನೆಗೆ ಹೋಗತೊಡಗಿದೆ. ಅವರು ನನಗೆ ಕಾಕಾ ಆದರು, ಅವರ ಹೆಂಡತಿ ಕಾಕು ಆದರು. ಕಾಕಾ ಶಹಾಬಾದದಲ್ಲೇ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಕಡೆ ದುಡಿದವರು. ಮಷಿನ್ ದಿನವಿಡೀ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತಿತ್ತಂತೆ. ಜೊತೆಯವರಿಗೆ ಅದು ತಲೆನೋವು, ಇವರಿಗೆ ಶ್ರುತಿ. ಅದರ ಮೇಲೆ ಪುಸ್ತಕದ ಪದ ಒಂದೊಂದನ್ನೇ ಇಟ್ಟು ನೋಡುತ್ತಿದ್ದರು. ಸ್ವರ ಬರೆಯಲು ಬಾರದು, ಕಟ್ಟಿದ್ದು ವಾರದೊಳಗೆ ಮರೆತುಹೋಗುವುದು.

"ಕಟ್ಟೋದು ಇವರ ಕೆಲಸ, ನೆನಪಿಡೋದು ನಂದು" ಎಂದರು ಕಾಕು. ಅದು ಅಕ್ಷರಶಃ ನಿಜ. ಅವರು ಜೋಳದ ಹಿಟ್ಟು ನಾದುತ್ತ ಹಾಡುತ್ತಿದ್ದರು, ನಾನು ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಿದ್ದೆ. ಕಾಕಾ ಕಿವಿಗೊಟ್ಟು ಕೇಳಿ, "ಇದೂ ನಂದೇನು? ಛಲೋ ಅದ" ಅನ್ನುತ್ತಿದ್ದರು.

ಪ್ರತಿ ಧಾಟಿಗೂ ಅದು ಹುಟ್ಟಿದ ಊರಿನ ಹೆಸರು. ಗುಂಡಗುರ್ತಿ ಧಾಟಿ ಪಂಕ್ಚರ್ ಆದ ಸೈಕಲ್ ತಳ್ಳಿಕೊಂಡು ಬರುವಾಗ ಕಟ್ಟಿದ್ದು, ಅದರ ತಾಳ ಸ್ವಲ್ಪ ಕುಂಟುತ್ತದೆ. ಕೊಡ್ಲಿ ಮಾತ್ರ ಕಾಕುವಿನ ತವರು.

"ಮದುವಿ ಆದ ವರ್ಷ ಸಿಟ್ಟಾಗಿ ತವರಿಗೆ ಹೋಗಿದ್ದೆ ಅವ್ವಾ," ಎಂದು ಕಾಕು ಶುರುಮಾಡಿದರು. "ಇವರು ಕರಕೊಂಡು ಹೋಗಾಕ ಬಂದ್ರು. ನಮ್ಮಪ್ಪ ಒಳಗ ಕರೀಲಿಲ್ಲ. ಇಡೀ ಮಧ್ಯಾಹ್ನ ಕಟ್ಟೀ ಮ್ಯಾಲ ಕುಂತು ಗುನುಗುಡ್ಲಿಕತ್ತಿದ್ರು. ನಾನು ಒಳಗ ಕೇಳಸ್ಕೋತಿದ್ದೆ. ನಡುವ ಒಮ್ಮೆಲೇ ಸುಮ್ಮಗಾದ್ರು. ಎದ್ದು ಹೋದ್ರೇನೋ ಅಂತ ಹೊರಗ ಬಂದು ನೋಡಿದೆ."

"ಹೋಗಿರ್ಲಿಲ್ಲ. ಉಸಿರು ತಗೊಳ್ಳಾಕತ್ತಿದ್ದೆ," ಎಂದರು ಕಾಕಾ.

ಇಷ್ಟು ವರ್ಷ ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನಂದು ಅಂದಿದ್ರ ತಪ್ಪು ಹುಡುಕ್ತಿದ್ರು. ಚರ್ಚಿನ್ಯಾಗ ನಾ ಹಾಡಿದಾಗ ಹಳೇದು ಅಂದ್ಕೊಂಡ್ರು, ಸುಮ್ಮನ ಹಾಡಿದ್ರು" ಎಂದರು.

ಆ ನಡುವೆ ನನ್ನ ಪೇಟಿಯ ತಿದಿ ಹರಿಯಿತು. ಚಿತ್ತಾಪುರದಲ್ಲಿ ರಿಪೇರಿ ಮಾಡುವ ಚಾಚಾನ ಅಂಗಡಿಗೆ ಒಯ್ದೆ. ಹೊಸ ಚರ್ಮ ಅಂಟಿಸಿ, ಗಾಳಿ ಹಾಕಿ, ಪರೀಕ್ಷೆಗೆಂದು ಅವರು ಬಾರಿಸಿದ್ದು ಕೊಡ್ಲಿ ಧಾಟಿ. ನಾನು ಬೆರಗಾಗಿ ಕೇಳಿದ್ದಕ್ಕೆ, "ಚರ್ಚಿನವರು ಪೇಟಿ ತಂದಾಗ ಇದನ್ನೇ ಬಾರಸ್ತಾರ ಮೇಡಂ, ಕೇಳಿ ಕೇಳಿ ಕಲ್ತೀನಿ. ಕೆಳಗಿಂದ ಮೇಲಿನ ತನಕ ಎಲ್ಲಾ ಸ್ವರದ ಮನಿ ಮುಟ್ಟತದ, ಯಾವ ಸ್ವರ ಕೆಟ್ಟದ ಅಂತ ತಕ್ಷಣ ಗೊತ್ತಾಗ್ತದ" ಎಂದರು. ಇದನ್ನು ಹೇಳಿದಾಗ ಕಾಕಾನಿಗಾದ ಖುಷಿ ಬೇರೆ ಯಾವುದಕ್ಕೂ ಆಗಿದ್ದನ್ನು ನಾನು ನೋಡಿಲ್ಲ. ಎರಡು ಸಲ ಹೇಳಿಸಿದರು.

ಮುಂದಿನ ಕೂಟ ಮತ್ತೆ ಸೇಡಂನಲ್ಲೇ ಸೇರಿತು. ಹಾಡಿಸುವವರಿಗೆ ಮೊದಲೇ ಎಲ್ಲ ತಿಳಿಸಿದ್ದೆ. ಅವರು ಮೈಕಿನಲ್ಲಿ, "ಹೋದ ಸಲ ನಾ ತಪ್ಪು ಹೇಳಿದ್ದೆ. ಕಟ್ಟಿದವರು ಇಲ್ಲೇ ಕುಂತಾರ" ಎಂದರು. ಕಾಕಾ ತಲೆ ತಗ್ಗಿಸಿ ಕುಳಿತೇ ಇದ್ದರು, ಕಾಕು ಮೊಣಕೈಯಿಂದ ತಿವಿದು ಎಬ್ಬಿಸಿದರು. ಸರಿಯಾದ ಧಾಟಿಯನ್ನು ಕಲಿಸಲು ಕಾಕಾ ಮುಂದೆ ಹೋದರು. ಜನ ಕಲಿಯಲಿಲ್ಲ. ಹಳೆಯ ರೂಢಿ ಬಿಡದೆ ಮೂರನೆಯ ಸಾಲಿನಲ್ಲಿ ಎಲ್ಲರೂ ಓಡಿಯೇ ಹೋಗುತ್ತಿದ್ದರು. ನಾಲ್ಕು ಸಲ ಪ್ರಯತ್ನಿಸಿ ಕಾಕಾ ಸೋತರು. "ಇರ್ಲಿ ಬಿಡ್ರಿ. ಇಷ್ಟು ಮಂದಿ ಹಾಂಗ ಹಾಡ್ತಾರಂದ್ರ ಅದೇ ಖರೆ" ಎಂದು ನಗುತ್ತ ತಿರುಗಿದರು.

ಆಗ ಕಾಕು ಸೆರಗು ಸರಿಮಾಡಿಕೊಂಡು ಎದ್ದರು. "ಅದ್ಹ್ಯಾಂಗ ಖರೆ ಆಗ್ತದ? ಮತ್ತ ಹಾಡ್ರಿ" ಎಂದು ಎಲ್ಲರಿಗೂ ಎದುರಾಗಿ ನಿಂತರು. ಮೂರನೆಯ ಸಾಲು ಅರ್ಧಕ್ಕೆ ಬಂದಾಗ ಬಸ್ಸು ನಿಲ್ಲಿಸುವವರಂತೆ ಅಂಗೈ ಎತ್ತಿದರು. ಸಭೆಗೆ ಸಭೆಯೇ ಗಕ್ಕನೆ ನಿಂತಿತು. ಆ ಮೌನದಲ್ಲಿ ಅಷ್ಟೂ ಜನ ಉಸಿರು ಎಳೆದುಕೊಂಡದ್ದು ಕೇಳಿಸಿತು. ಕಾಕು ಕೈ ಇಳಿಸಿದರು, ಹಾಡು ಮೇಲೇರಿತು. ಯಾರೂ ಕೆಮ್ಮಲಿಲ್ಲ. ಕಾಕಾ ಹಾಡುವುದನ್ನೇ ಮರೆತು ಹೆಂಡತಿಯನ್ನು ನೋಡುತ್ತ ನಿಂತಿದ್ದರು, ನನ್ನ ಕಣ್ಣು ಮಂಜಾಗಿ ಪೇಟಿಯ ಒಂದು ಮನೆ ತಪ್ಪು ಒತ್ತಿದೆ.

ಈಗ ಧಾಟಿಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಸ್ವರ ಹಾಕಿ ಬರೆದಿಟ್ಟಿದ್ದೇನೆ. ಬೇರೆ ಚರ್ಚಿನವರು ಬಂದು ನಕಲು ಮಾಡಿಕೊಂಡು ಹೋಗುತ್ತಾರೆ. ಕಾಕಾ ಸುಮ್ಮನೆ ಕೂತಿಲ್ಲ. ಚಿಂಚೋಳಿಗೆ ಹಾಡಲು ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಹೊಸದೊಂದನ್ನು ಕಟ್ಟಿದ್ದಾರೆ. ಎರಡನೆಯ ಸಾಲು ಸಪ್ಪಗಿದೆ ಎಂದು ಕಾಕುವಿನ ತಕರಾರು. ಕಾಕಾ ಒಪ್ಪುತ್ತಿಲ್ಲ. ಹೋದ ಶನಿವಾರ ನನ್ನ ಅಭಿಪ್ರಾಯ ಕೇಳಿದರು. ಚಹಾ ಭಾಳ ಛಲೋ ಆಗ್ಯದ ಎಂದು ಹೇಳಿ ಎದ್ದು ಬಂದೆ.