ಬಂಡ್ರಿಗೆ ಬಂದ ಬಸಳೆ

ಬಂಡ್ರಿಗೆ ಬಂದ ಮೊದಲ ಬೆಳಿಗ್ಗೆ ಒಂದು ಕಟ್ಟು ಮೆಂತ್ಯ ಸೊಪ್ಪನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿದೆ. ನೀರು ಕೆಂಪಾಯಿತು. ಚೆಲ್ಲಿ ಮತ್ತೆ ತೊಳೆದೆ, ಮತ್ತೂ ಕೆಂಪು. ಸೊಪ್ಪಿಗೂ ಬಣ್ಣ ಹಾಕಿ ಮಾರುತ್ತಾರಲ್ಲ ಎಂದು ಗಾಬರಿಯಾಗಿ, ಬಕೆಟ್ ಎತ್ತಿಕೊಂಡು ಪಕ್ಕದ ಮನೆಗೆ ಹೋದೆ. ಅಂಗಳ ಗುಡಿಸುತ್ತಿದ್ದ ಹಿರಿಯ ಹೆಂಗಸು ಬಕೆಟ್ಟನ್ನೂ ನನ್ನನ್ನೂ ನೋಡಿ ನಕ್ಕರು.

“ಬಣ್ಣ ಅಲ್ರಿ ಮೇಡಮ್ಮಾರ, ಗಣಿ ಧೂಳು. ಅದಿರಿನ ಲಾರಿ ಅಡ್ಡಾಡ್ತಾವಲ್ರಿ. ಇನ್ನೊಂದೆರಡು ಸಲ ತೊಳೀರಿ, ಹೋಗ್ತೈತಿ.”

ಅವರೇ ಈರಮ್ಮ. ಹೊಲಗಳಿಗೆ ಕೂಲಿಗೆ ಹೋಗುವವರು. ನಾನು ಸಂಡೂರು ತಾಲೂಕಿನ ಈ ಊರ ಆಸ್ಪತ್ರೆಯಲ್ಲಿ ಔಷಧಿ ಕೊಡುವವಳು, ವರ್ಗವಾಗಿ ಬಂದ ಒಂಟಿ ಜೀವ. ಕುಂದಾಪುರದ ಕಡೆಯ ನನ್ನ ಜನರೇ, ಮಳೆ ತೊಳೆದುಕೊಟ್ಟ ಸೊಪ್ಪನ್ನು ತಿಂದು ಬೆಳೆದ ನಮಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಹೊರಡುವಾಗ ಬಟ್ಟೆಬರೆಗಿಂತ ಜೋಪಾನವಾಗಿ ತಂದದ್ದು ಮೂರು ಬಸಳೆ ದಂಟು. ಅಮ್ಮ ತೀರಿಹೋದ ವರ್ಷವೇ ನಮ್ಮ ಮನೆ ಹೆದ್ದಾರಿ ಅಗಲ ಮಾಡುವವರ ಪಾಲಾಯಿತು. ಗೋಡೆ ಕೆಡವುವ ಯಂತ್ರ ಬರುವ ಮುನ್ನ, ಬಾವಿಕಟ್ಟೆಯ ಪಕ್ಕದ ಚಪ್ಪರದಿಂದ ನಾನು ಮುರಿದುಕೊಂಡ ದಂಟುಗಳವು. ತಂಗಿ ತನ್ನ ಪಾಲಿಗೆ ಅಮ್ಮನ ಕಡೆಗೋಲು ಒಯ್ದಳು, ಬಸಳೆಯ ನೆನಪೇ ಅವಳಿಗಾಗಲಿಲ್ಲ. ಪೇಟೆಯಲ್ಲಿ ಬೇರೆ ಬಸಳೆ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಸಿಗುತ್ತದೆ. ಅಮ್ಮ ಕೈಯಾರೆ ನೆಟ್ಟದ್ದು ಈ ಭೂಮಿಯ ಮೇಲೆ ಉಳಿದಿದ್ದರೆ ಅದು ಈ ಮೂರು ದಂಟುಗಳಲ್ಲಿ ಮಾತ್ರ.

ಹಿತ್ತಲಲ್ಲಿ ಮಣ್ಣು ಏರಿಸಿ, ಮೊಣಕಾಲೆತ್ತರದ ದಿಣ್ಣೆ ಮಾಡಿ, ಅದರ ನೆತ್ತಿಯ ಮೇಲೆ ಮೂರನ್ನೂ ನೆಟ್ಟೆ. ನಮ್ಮಲ್ಲಿ ಹಾಗಲ್ಲವೇ ಮಾಡುವುದು? ಬೆಳಿಗ್ಗೆ ಸಂಜೆ ನೀರು ಹೊಯ್ದೆ. ಹದಿನೈದು ದಿನದಲ್ಲಿ ಎರಡು ಒಣಗಿ ಕಡ್ಡಿಯಾದವು. ಮೂರನೆಯದು ತಲೆ ಬಗ್ಗಿಸಿದಾಗ ಈರಮ್ಮನನ್ನು ಕರೆದೆ.

“ಇದೇನ್ರಿ, ಗುಡ್ಡದ ಮ್ಯಾಲ ಕುಂದ್ರಿಸೀರಿ?”

“ನಮ್ಮೂರಲ್ಲಿ ಹೀಗೇ. ಇಲ್ಲದಿದ್ದರೆ ಮಳೆನೀರು ನಿಂತು ಬೇರು ಕೊಳೆಯುತ್ತದೆ.”

“ಇಲ್ಲಿ ಮಳಿ ಎಲ್ಲೈತ್ರಿ ಯವ್ವಾ ಕೊಳ್ಯಾಕ? ನೀವು ಹಾಕಿದ ನೀರೆಲ್ಲಾ ಇಳದು ಬ್ಯಾಲಿ ಗಿಡಕ್ಕ ಹೋಗ್ಯಾವು ನೋಡ್ರಿ.”

ನಿಜವೇ. ಬೇಲಿಯ ಕಳ್ಳಿ ಹಸಿರಾಗಿ ಕೊಬ್ಬಿತ್ತು. ಈರಮ್ಮ ಗುದ್ದಲಿ ತಂದು ನನ್ನ ದಿಣ್ಣೆಯನ್ನು ಕೆಡವಿ, ಅದೇ ಜಾಗದಲ್ಲಿ ತಗ್ಗು ತೋಡಿ, ಕೊಟ್ಟಿಗೆ ಗೊಬ್ಬರ ಹಾಕಿ ಉಳಿದೊಂದು ದಂಟನ್ನು ಅದರೊಳಗೆ ಇಳಿಸಿದರು. ಸುತ್ತ ಶೇಂಗಾ ಹೊಟ್ಟು ಹರಡಿದರು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ನಲವತ್ತೆಂಟು ವರ್ಷದ ನನ್ನ ವಿದ್ಯೆಯೆಲ್ಲ ಒಂದು ತಗ್ಗಿನ ಮುಂದೆ ಸೋತದ್ದಕ್ಕೆ ಸ್ವಲ್ಪ ಸಿಟ್ಟೂ ಬಂದಿತ್ತು.

ಬಳ್ಳಿ ಚಿಗುರಿ ಚಪ್ಪರಕ್ಕೆ ಹಬ್ಬುವಷ್ಟರಲ್ಲಿ ನಾನೂ ಇಲ್ಲಿಯ ಊಟಕ್ಕೆ ಹೊಂದಿಕೊಳ್ಳತೊಡಗಿದ್ದೆ. ಊರಿಗೆಲ್ಲ ಸಕ್ಕರೆ ಕಾಯಿಲೆಯ ಮಾತ್ರೆ ಕೊಡುವ ನನಗೇ ಸಕ್ಕರೆ ಏರಿತ್ತು. ಮೂರು ಹೊತ್ತು ಕುಚ್ಚಲಕ್ಕಿ ಅನ್ನ ಉಣ್ಣುವುದು ಇನ್ನು ಸಾಕು ಎಂದರು ಡಾಕ್ಟರು. ಈರಮ್ಮ ಜೋಳದ ರೊಟ್ಟಿ ತಟ್ಟಲು ಕಲಿಸಿದರು. ನನ್ನ ಮೊದಲ ರೊಟ್ಟಿಗಳು ಯಾವ ದೇಶದ ನಕಾಶೆಗೂ ಹೊಂದುತ್ತಿರಲಿಲ್ಲ. ಸೊಪ್ಪಿಗೆ ಇಲ್ಲಿ ತಪ್ಪಲು ಎನ್ನುತ್ತಾರೆ. ರೊಟ್ಟಿಯ ಜೊತೆ ಹಸಿ ಮೆಂತ್ಯ ತಪ್ಪಲು, ಹಸಿ ಈರುಳ್ಳಿ, ಗುರೆಳ್ಳು ಚಟ್ನಿಪುಡಿ. ಮೊದಲ ದಿನ ತಟ್ಟೆಯಲ್ಲಿ ಹಸಿ ಸೊಪ್ಪು ಕಂಡಾಗ ನನ್ನನ್ನು ದನದ ಹಟ್ಟಿಯಲ್ಲಿ ಕಟ್ಟಿದಂತಾಯಿತು. ತೆಂಗಿನಕಾಯಿ ಅರೆಯದೆ ಯಾವ ತರಕಾರಿಗೂ ಮೋಕ್ಷವಿಲ್ಲ ಎಂದು ನಂಬಿದವಳು ನಾನು. ಆರು ತಿಂಗಳಲ್ಲಿ ಸಕ್ಕರೆ ಇಳಿಯಿತು, ನಾಲಿಗೆಯೂ ಪಳಗಿತು. ಆದರೂ ಭಾನುವಾರ ಬಂತೆಂದರೆ ಹಲಸಿನ ಬೀಜ ಹಾಕಿದ ಬಸಳೆ ಹುಳಿಯ ಆಸೆ ಹೊಟ್ಟೆಯಿಂದಲ್ಲ, ಎದೆಯಿಂದಲೇ ಏಳುತ್ತಿತ್ತು.

ಬೇಸಿಗೆಯಲ್ಲಿ ಅಮ್ಮನ ವರ್ಷಾಂತಿಕಕ್ಕೆ ಹತ್ತು ದಿನ ಊರಿಗೆ ಹೋಗಬೇಕಾಯಿತು. ಬಳ್ಳಿಯನ್ನು ಈರಮ್ಮನಿಗೆ ಒಪ್ಪಿಸಿ, ಅದು ಯಾರದೆಂದು ಎರಡೆರಡು ಸಲ ಹೇಳಿ ಹೊರಟೆ. ಮರಳಿ ಬಂದು ಚೀಲವನ್ನೂ ಇಳಿಸದೆ ಹಿತ್ತಲಿಗೆ ಓಡಿದೆ. ಚಪ್ಪರ ಬೋಳಾಗಿತ್ತು. ನೆಲದಿಂದ ಗೇಣುದ್ದ ಬಿಟ್ಟು ಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದಿದ್ದರು.

“ಯಾರನ್ನು ಕೇಳಿ ಕೊಯ್ದಿರಿ? ಪಲ್ಯಕ್ಕೆ ಬೇರೆ ಸೊಪ್ಪು ಸಿಗಲಿಲ್ಲವೇ ನಿಮಗೆ?”

ಈರಮ್ಮ ಏನೋ ಹೇಳಲು ಬಾಯಿ ತೆರೆದರು. ನಾನು ಬಾಗಿಲು ಹಾಕಿಕೊಂಡೆ. ನಾಲ್ಕು ದಿನ ಮಾತಿಲ್ಲ. ಬುಡಕ್ಕೆ ಸುರಿದ ನೀರಿನಿಂದ ಏನೂ ಆಗಲಿಲ್ಲ, ಗೇಣುದ್ದದ ಆ ದಂಟೂ ಒಣಗಿತು. ಅಮ್ಮ ಎರಡನೇ ಸಲ ಸತ್ತಳು ಎಂದುಕೊಂಡು ಅತ್ತೆ.

ಭಾನುವಾರ ಬೆಳಿಗ್ಗೆ ಈರಮ್ಮ ಹೊಸ ಸೀರೆಯುಟ್ಟು ನನ್ನ ಬಾಗಿಲಲ್ಲಿ ನಿಂತಿದ್ದರು.

“ಬರ್ರಿ. ಕಡ್ಡಿರಾಂಪುರಕ್ಕ ಹೋಗಿ ಬರೂಣು. ಬೈಯೂದಿದ್ರ ಅಲ್ಲಿ ಬೈಯ್ರಿ.”

ಹೊಸಪೇಟೆಯಲ್ಲಿ ಬಸ್ಸು ಬದಲಿಸಿ, ಹಂಪಿಗೆ ಹೋಗುವ ದಾರಿಯ ಆ ಊರಲ್ಲಿ ಇಳಿದೆವು. ಅಲ್ಲಿ ಈರಮ್ಮನ ಮಗಳು ಗಂಗಮ್ಮನ ಮನೆ. ಮನೆಯ ಹಿಂದೆ ಬಾಳೆತೋಟ, ಪಕ್ಕದಲ್ಲೇ ಕಾಲುವೆ ನೀರು. ತೋಟದ ಬೇಲಿಗೆ ಸಾಲಾಗಿ ನೆಟ್ಟ ಏಳು ದಂಟುಗಳಲ್ಲಿ ಐದು ಎಲೆಬಿಟ್ಟು ನಿಂತಿದ್ದವು. ದಪ್ಪ, ಕೆಂಪು ದಂಟಿನ ಅಮ್ಮನ ಬಸಳೆ.

“ನೀವು ಹೋದ ಮೂರನೇ ದಿನಕ್ಕ ನಳದ ನೀರು ನಿಂತ್ವು ಯವ್ವಾ. ಕುಡ್ಯಾಕ ಟ್ಯಾಂಕರ್ ಕಾಯ್ತಿದ್ವಿ. ಬಳ್ಳಿ ನನ್ನ ಕಣ್ಮುಂದ ಬಾಡಾಕತ್ತು. ಫೋನ್ ಮಾಡಿದ್ರ ನಿಮ್ದು ಹತ್ತಲಿಲ್ಲ. ಜೀವ ಇದ್ದಾಗ ಕೊಯ್ದು ಹಸಿ ಬಟ್ಟಿಯಾಗ ಸುತ್ತಿ ಇಲ್ಲಿ ತಂದೆ. ತಪ್ಪಾತೇನು?”

ಅವರ ಕೈ ಹಿಡಿದುಕೊಂಡೆ, ಅಷ್ಟೇ. ಆಡಿದ ಮಾತಿಗೆ ಕ್ಷಮೆ ಕೇಳಿದ್ದು ಬಸ್ಸಿನಲ್ಲಿ ಮರಳುವಾಗ, ಅದೂ ಅವರು ತೂಕಡಿಸುತ್ತಿದ್ದಾಗ.

ಆ ಮಧ್ಯಾಹ್ನ ಗಂಗಮ್ಮ ನಾಲ್ಕು ಎಲೆ ಕಿತ್ತು ತೊಗರಿಬೇಳೆಯಲ್ಲಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಶೇಂಗಾ ಪುಡಿ ಉದುರಿಸಿ ರೊಟ್ಟಿಯ ಮೇಲೆ ಬಡಿಸಿದಳು. ತೆಂಗಿಲ್ಲ, ಹಲಸಿನ ಬೀಜವಿಲ್ಲ. ಅಮ್ಮನ ರುಚಿಯೂ ಇರಲಿಲ್ಲ. ಎರಡನೇ ಸಲ ಹಾಕಿಸಿಕೊಂಡೆ.

ಮಳೆ ಬಿದ್ದ ಮೇಲೆ ಆ ದಂಟುಗಳು ಬಂಡ್ರಿಗೂ ಬಂದವು. ಈಗ ನಮ್ಮ ಓಣಿಯ ನಾಲ್ಕು ಹಿತ್ತಲಲ್ಲಿವೆ. ಇಲ್ಲಿಯವರು ಅದಕ್ಕೆ ‘ಮೇಡಮ್ಮಾರ ಬಳ್ಳಿ’ ಎನ್ನುತ್ತಾರೆ.

ಚೌತಿಗೆ ಊರಿಗೆ ಹೊರಟಾಗ ತಂಗಿ ಫೋನಿನಲ್ಲಿ ಸಂಕೋಚದಿಂದ ಕೇಳಿದಳು: “ಅಕ್ಕಾ, ಅಮ್ಮನ ಬಸಳಿದ್ ಒಂದ್ ದಂಟ್ ತಪ್ಪುಕಾತ್ತಾ?” ಒಂದು ತರಲು ಹೇಳಿದವಳಿಗೆ ನಾಲ್ಕು ದಂಟು ಒಯ್ದೆ. ಕೋಟೇಶ್ವರದ ಅವಳ ಅಂಗಳದಲ್ಲಿ ಇಬ್ಬರೂ ಮಳೆಯಲ್ಲಿ ನೆನೆಯುತ್ತ ನೆಟ್ಟೆವು. ಅಮ್ಮನನ್ನು ಮನೆಗೆ ಕರೆತಂದಂತೆ ನನಗನಿಸಿತು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬೇಲಿಯ ಆಚೆಯಿಂದ, ಯಾವ ಬಸಳೆ ಅದು, ದಂಟು ಇಷ್ಟು ಚಂದ ಇದೆಯಲ್ಲ ಎಂದು ವಿಚಾರಿಸಿದರು.

ತಂಗಿ ಮಣ್ಣಿನ ಕೈಯಿಂದಲೇ ಕೂದಲು ಸರಿಸಿಕೊಂಡು ಹೆಮ್ಮೆಯಿಂದ ಹೇಳಿದಳು: “ಇದ್ ಸಂಡೂರ್ ಬದಿದ್. ನಮ್ಮ್ ಅಕ್ಕನ ಊರಿಂದ್.”

ಅಕ್ಕನ ಊರು. ಅಲ್ಲ ಎನ್ನಲು ಬಾಯಿ ತೆರೆದೆ. ಮರುದಿನ ಬಂಡ್ರಿಗೆ ಮರಳುವ ಬಸ್ಸಿಗೆ ನಾನೇ ಟಿಕೆಟ್ ಮಾಡಿಸಿದ್ದೆ, ‘ಊರಿಗೆ ಹೋಗಬೇಕು’ ಎಂದು ಬೆಳಿಗ್ಗೆ ಅವಳಿಗೆ ಹೇಳಿದವಳೂ ನಾನೇ. ಸುಮ್ಮನೆ ಬಗ್ಗಿ ದಂಟಿನ ಬುಡಕ್ಕೆ ಇನ್ನೊಂದು ಹಿಡಿ ಮಣ್ಣು ಒತ್ತಿದೆ.