ಪಾರ್ವತವ್ವನ ಗೋಡೆಯ ಮೊಳೆಗಳು

ಹೊಳೆಪೇಟೆ ಪಟ್ಟಣಕ್ಕೆ ಸೇರಿಹೋಗಿ ಮೂವತ್ತು ವರ್ಷವಾಯಿತು. ಈ ಮಾತನ್ನು ಹೊಳೆಪೇಟೆಯವರ ಎದುರು ಹೇಳಿ ನೋಡಿ, ಚಹಾ ಕೂಡ ಸಿಗುವುದಿಲ್ಲ. ಸೇತುವೆ ದಾಟಿ ಐದು ನಿಮಿಷ ನಡೆದರೆ ಪಟ್ಟಣದ ಬಸ್ ನಿಲ್ದಾಣ. ಆದರೂ ಅದು ಅವರಿಗೆ ಪರ ಊರು. ಪರ ಊರಿಗೆ ಹೋಗುವವರು ಮನೆಯ ಕೀಲಿಯನ್ನು ಊರಲ್ಲೇ ಬಿಟ್ಟು ಹೋಗಬೇಕು. ಕೊತ್ತಂಬರಿ ಸೊಪ್ಪು ತರಲು ಹೋದರೂ ಅಷ್ಟೇ.

ಕೀಲಿ ಬಿಡುವ ಜಾಗ ಸೇತುವೆ ಬುಡದ ಪಾರ್ವತವ್ವನ ಚಹಾದಂಗಡಿ. ನಂದೊಳ್ಳಿಯಿಂದ ಮದುವೆಯಾಗಿ ಬಂದವಳಿಗೆ ಅತ್ತೆ ಅಂಗಡಿಯ ಜೊತೆ ಈ ಕೆಲಸವನ್ನೂ ಕೊಟ್ಟು ಹೋಗಿದ್ದಳು. ಗೋಡೆಯ ಮೇಲೆ ನಲವತ್ತು ಮೊಳೆ, ಮನೆಗೊಂದು. ಐವತ್ತು ವರ್ಷದಲ್ಲಿ ಒಂದು ಕೀಲಿಯೂ ತಪ್ಪಿಲ್ಲ ಎಂದು ಅವಳಿಗೆ ಜಂಬ. ಪಡಲಿ ಬಿಡಿ, ಅಷ್ಟು ಜಂಬ ಅವಳಿಗೆ ಸಲ್ಲಬೇಕಾದದ್ದೇ.

ಕಳೆದ ತಿಂಗಳು ಆ ಜಂಬಕ್ಕೆ ಪೆಟ್ಟು ಬಿತ್ತು. ಊರಿನ ಸತೀಶನ ಕೀಲಿಯನ್ನು ಟೆಂಪೋ ಓಡಿಸುವ ಜಹಾಂಗೀರನಿಗೂ, ಅವನದನ್ನು ಸತೀಶನಿಗೂ ಕೊಟ್ಟುಬಿಟ್ಟಳು. ಇಬ್ಬರೂ ತಂತಮ್ಮ ಬಾಗಿಲಲ್ಲಿ ಅರ್ಧ ಗಂಟೆ ಬೀಗದ ಜೊತೆ ಗುದ್ದಾಡಿದರು. ಪಾರ್ವತವ್ವನ ಕಣ್ಣಿಗೆ ಪೊರೆ ಬಂದಿತ್ತು.

"ಆಪರೇಶನ್ ಮಾಡಿಸ್ಕಳಿ ಅವ್ವಾ. ಒಂದೇ ರಾತ್ರಿ ಉಳಿಯೂದು," ಎಂದ ಜಹಾಂಗೀರ್.

"ಆಸ್ಪತ್ರೆ ಇರೂದು ಆಚೆ ಊರಲ್ಲಿ ಮಾರಾಯಾ! ನಾ ಹೋದ್ರೆ ಕೀಲಿ ಯಾರು ನೋಡ್ಕಳೂದು?"

ನಿಜವಾದ ಹೆದರಿಕೆ ಬೇರೆಯೇ ಇತ್ತು. ಒಮ್ಮೆ ಮೊಳೆಗಳು ಇನ್ನೊಬ್ಬರ ಕೈಗೆ ಹೋದರೆ ತಾನು ಬರೀ ಚಹಾ ಮಾರುವ ಮುದುಕಿಯಾಗಿಬಿಡುತ್ತೇನೆ ಎಂದು ಅವಳಿಗೆ ಸಂಕಟ.

ಕೊನೆಗೆ ಜಹಾಂಗೀರನ ಹೆಂಡತಿ ನಜೀಮಾ ಅಂಗಡಿಯಲ್ಲಿ ಕೂರಲು ಒಪ್ಪಿದಳು. ಯಾವ ಮೊಳೆ ಯಾರದು ಎಂದು ಪಾರ್ವತವ್ವ ಮೂರು ಸಲ ಹೇಳಿದಳು. ಬೆಕ್ಕಿಗೆ ಹಾಲು ಹಾಕಲೆಂದು ತನ್ನ ಮನೆಯ ಕೀಲಿಯನ್ನೂ ಕೊಟ್ಟಳು. ಆಸ್ಪತ್ರೆಗೆ ಹೊರಟ ಜಹಾಂಗೀರನ ಟೆಂಪೋವನ್ನು ಸೇತುವೆಯ ನಡುವೆ ನಿಲ್ಲಿಸಿ ನಾಲ್ಕನೇ ಸಲ ಕೂಗಿ ಹೇಳಿದಳು.

ಮರುದಿನ ಕಪ್ಪು ಕನ್ನಡಕ ಹಾಕಿಕೊಂಡು ಇಳಿದವಳು ನೇರ ಗೋಡೆಯ ಹತ್ತಿರ ಹೋದಳು. ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು! ಎಣಿಸಿದಳು. ನಲವತ್ತೊಂದು.

"ಈ ಹೊಸ ಮೊಳೆ ಯಾರದೇ?"

"ಕೀಲಿ ನೋಡಿ ನೀವೇ ಹೇಳಿ," ನಜೀಮಾ ನಕ್ಕಳು. "ಪರ ಊರಿಗೆ ಹೋದವ್ರ ಕೀಲಿ ಇಲ್ಲೇ ಇರ್ಬೇಕಲ್ದಾ? ತಗಳಿ. ಬಾಕಿ ನಲವತ್ತು ನೀವೇ ನೋಡ್ಕಳಿ. ಒಂದೇ ದಿನಕ್ಕೆ ನನ್ನ ತಲೆ ಕೆಟ್ಟುಹೋಯ್ತು."

ಪಾರ್ವತವ್ವ ತನ್ನ ಕೀಲಿಯನ್ನು ಹಿಡಿದುಕೊಂಡು ನಿಂತಳು. ಊರಿನ ಕೀಲಿಗಳನ್ನೆಲ್ಲ ಕಾಯ್ದವಳ ಕೀಲಿಯನ್ನು ಇದೇ ಮೊದಲ ಸಲ ಯಾರೋ ಕಾಯ್ದಿದ್ದರು. ಕಣ್ಣಿಗೆ ನೀರು ತಾಗಬಾರದು ಎಂದು ಡಾಕ್ಟರು ಹತ್ತು ಸಲ ಹೇಳಿ ಕಳಿಸಿದ್ದರು. ಆದರೂ ಬಂದೇ ಬಂತು.